ಮಿಕ್ಸರ್ ಹಿಂದೆ ಒಂದಿಷ್ಟು ಜಾಗ

ಊರಲ್ಲಿ ಯಾವುದೇ ಸಂಗೀತ ಕಾರ್ಯಕ್ರಮ ಇರಲಿ, ನಾನು ಹೋಗಿ ನಿಲ್ಲುವುದು ಸೌಂಡ್‌ನವರ ಪಕ್ಕದಲ್ಲಿ. ಮುಂದಿನ ಸಾಲಿನ ಕುರ್ಚಿ ಕೊಟ್ಟರೂ ಬೇಡ ಅನ್ನುತ್ತೇನೆ. ಹಾಡು, ವಾದ್ಯಗಳ ಸದ್ದನ್ನು ಹದ ಮಾಡುವ ಮಿಕ್ಸರ್ ಇಟ್ಟಿರುವ ಟೇಬಲ್ ಹತ್ತಿರ ಕೇಳಿಸುವಷ್ಟು ಚೆನ್ನಾಗಿ ಮೈದಾನದಲ್ಲಿ ಬೇರೆಲ್ಲೂ ಕೇಳಿಸುವುದಿಲ್ಲ. ಮಿಕ್ಸರ್ ಮುಂದೆ ಕೂತವನು ತನ್ನ ಕಿವಿಗೆ ಬೀಳುವುದನ್ನು ಕೇಳಿಕೊಂಡೇ ತಾನೇ ಒಂದನ್ನು ಏರಿಸುವುದು, ಇನ್ನೊಂದನ್ನು ಇಳಿಸುವುದು? ಅವನಿಗೆ ಸರಿ ಕೇಳಿದರೆ ಅವನ ಪಕ್ಕದಲ್ಲಿರುವವನಿಗೂ ಸರಿ. ಮುಂದಿನ ಸಾಲಿನಲ್ಲಿ ದುಡ್ಡು ಕೊಟ್ಟು ಕೂತವರಿಗೆ ಎಷ್ಟೋ ಸಲ ಡ್ರಮ್ಸ್ ಬಿಟ್ಟು ಬೇರೇನೂ ಕೇಳಿಸಿರುವುದಿಲ್ಲ.

ಅಲ್ಲಿ ನಿಂತರೆ ಇನ್ನೊಂದು ನೋಟ ಸಿಗುತ್ತದೆ. ಇಡೀ ಜನಸಂದಣಿಯ ಬೆನ್ನು ಕಾಣುತ್ತದೆ. ಮಡಿಕೇರಿ ದಸರಾ ಹೊತ್ತಿಗೆ ಗಾಂಧಿ ಮೈದಾನದಲ್ಲಿ ಹೀಗೆ ಹಿಂದೆ ನಿಂತು ನೋಡಿದರೆ ವೇದಿಕೆಯ ಮೇಲಿನ ಗಾಯಕರು ನೂರಾರು ಚಿಕ್ಕ ಚಿಕ್ಕ ಪರದೆಗಳಲ್ಲಿ ಹಾಡುತ್ತಿರುತ್ತಾರೆ. ಯಾರದೋ ಹೆಗಲ ಮೇಲಿನ ಮಗುವಿನ ಕೈಯಲ್ಲೂ ಫೋನು. ಕೆಲವರ ಫ್ಲ್ಯಾಶ್ ಬೇರೆ ಹೊಡೆಯುತ್ತಿರುತ್ತದೆ. ಫೋನಿನ ಫ್ಲ್ಯಾಶ್ ಬೆಳಕು ನಾಲ್ಕು ಮಾರು ದಾಟುವುದಿಲ್ಲ. ಅದು ಬೆಳಗುವುದು ಮುಂದೆ ನಿಂತವರ ತಲೆಯನ್ನು ಮಾತ್ರ. ವೇದಿಕೆ ಹಾಗೇ ಕತ್ತಲಲ್ಲಿ ಉಳಿಯುತ್ತದೆ. ಇದನ್ನು ಯಾರಿಗೆ ಅಂತ ಹೇಳುವುದು.

ನಮ್ಮ ಕಡೆಯ ಹುಡುಗರ ಒಂದು ಬ್ಯಾಂಡ್ ಇದೆ. ಗಿಟಾರ್, ಕೀಬೋರ್ಡ್, ಡ್ರಮ್ಸ್, ಜೊತೆಗೆ ಒಬ್ಬ ದುಡಿ, ಅಂದರೆ ಕೊಡಗಿನ ಪುಟ್ಟ ಚರ್ಮವಾದ್ಯ, ಬಾರಿಸುತ್ತಾನೆ. ಹೆಸರು ಬೇಡ, ಅವರಿಗೆ ಮುಜುಗರ ಆದೀತು. ಹಿಂದೆ ನಾನು ಒಂದಷ್ಟು ಕಾಲ ಸೌಂಡ್ ಕೆಲಸದವರ ಜೊತೆ ಓಡಾಡಿದ್ದೆ ಅನ್ನುವ ಕಾರಣಕ್ಕೆ ಅವರು ಆಗಾಗ ಏನಾದರೂ ಕೇಳುತ್ತಾರೆ. ಈ ಸಲ ಕೇಳಿದ್ದು, "ಅಣ್ಣಾ, ನಮ್ಮ ಪ್ರೋಗ್ರಾಂನಲ್ಲಿ ವಿಡಿಯೋ ಮಾಡಬೇಡಿ ಅಂತ ಅನೌನ್ಸ್ ಮಾಡೋಣ ಅಂತಿದ್ದೀವಿ. ಜಂಬ ಅನ್ಕೋತಾರಾ?"

ಯಾಕೆ ಅಂತ ಕೇಳಿದೆ. ಇನ್ನೂ ಪೂರ್ತಿ ಆಗದ ಒಂದು ಹಾಡನ್ನು ಯಾರೋ ವಿಡಿಯೋ ಮಾಡಿ ಹಾಕಿದ್ದರಂತೆ. ಫೋನಿನ ಮೈಕ್‌ನಲ್ಲಿ ಸದ್ದು ಒಡೆದು, ಗಾಯಕ ಒಂದು ಸಾಲು ಮರೆತದ್ದೂ ಸೇರಿ, ಅದೇ ಈಗ ಎಲ್ಲರಿಗೂ ಗೊತ್ತಿರುವ ಹಾಡು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅನೌನ್ಸ್ ಮಾಡುವ ಮುಂಚೆ ಒಂದು ಕಥೆ ಕೇಳಿ ಅಂತ ಕೂರಿಸಿಕೊಂಡೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಕಥೆ.

1965ರಿಂದ 1995ರವರೆಗೆ ನಡೆದ ಬ್ಯಾಂಡ್ ಅದು. 2,300ಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟವರು. ಒಂದು ರಾತ್ರಿ ನುಡಿಸಿದ ಹಾಡಿನ ಪಟ್ಟಿ ಮರುದಿನ ಇರುತ್ತಿರಲಿಲ್ಲ. ಒಂದೇ ಹಾಡು ಒಂದು ದಿನ ಆರು ನಿಮಿಷ, ಇನ್ನೊಂದು ದಿನ ಇಪ್ಪತ್ತು ನಿಮಿಷ. ಹಾಗಾಗಿ ಅವರ ಅಭಿಮಾನಿಗಳಿಗೆ ಅಂಗಡಿಯಲ್ಲಿ ಸಿಗುವ ರೆಕಾರ್ಡ್ ಸಾಕಾಗುತ್ತಿರಲಿಲ್ಲ. ನಿನ್ನೆ ರಾತ್ರಿಯದ್ದು ಬೇಕು, ಪಕ್ಕದ ಊರಿನದ್ದೂ ಬೇಕು. ಮೊದಮೊದಲು ಕದ್ದು ಮುಚ್ಚಿ ಟೇಪ್ ರೆಕಾರ್ಡರ್ ಒಳಗೆ ತಂದರು. ಆಮೇಲೆ ರಾಜಾರೋಷವಾಗಿ ತಂದರು. ಒಳ್ಳೆಯ ಮೈಕುಗಳನ್ನು ಎತ್ತರದ ಕೋಲಿಗೆ ಕಟ್ಟಿ ನಿಲ್ಲಿಸತೊಡಗಿದರು. ಒಳ್ಳೆ ಜಾಗ ಯಾವುದು ಅಂತ ಅವರಿಗೂ ಗೊತ್ತಲ್ವಾ, ಹಾಗಾಗಿ ಎಲ್ಲ ಕೋಲುಗಳೂ ಮಿಕ್ಸರ್ ಮುಂದೆಯೇ ಎದ್ದವು. ಸೌಂಡ್ ನೋಡಿಕೊಳ್ಳುತ್ತಿದ್ದ ಡ್ಯಾನ್ ಹೀಲಿಗೆ ವೇದಿಕೆಯೇ ಕಾಣದ ಹಾಗಾಯಿತು. ಟಿಕೆಟ್ ತೆಗೆದುಕೊಂಡು ಸುಮ್ನೆ ಹಾಡು ಕೇಳಲು ಬಂದವರಿಗೂ ಕಿರಿಕಿರಿ.

ಬೇರೆ ಬ್ಯಾಂಡ್ ಆಗಿದ್ದರೆ ಬಾಗಿಲಲ್ಲೇ ಟೇಪ್ ಕಿತ್ತುಕೊಳ್ಳುತ್ತಿದ್ದರು. ಇವರು 1984ರ ಅಕ್ಟೋಬರ್‌ನಲ್ಲಿ ಏನು ಮಾಡಿದರೆಂದರೆ, ಮಿಕ್ಸರ್ ಹಿಂದೆ ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ರೆಕಾರ್ಡ್ ಮಾಡುವವರಿಗೆ ಅಂತಲೇ ಬೇರೆ ಟಿಕೆಟ್. ಅಲ್ಲಿ ನಿಂತು ಮಾಡಿಕೊಳ್ಳಿ, ಬೇರೆ ಕಡೆ ಕೋಲು ನಿಲ್ಲಿಸಬೇಡಿ. ಇನ್ನೊಂದೇ ಒಂದು ಷರತ್ತು: ಮಾರಬಾರದು. ಹಂಚಿಕೊಳ್ಳಿ, ಬದಲಾಯಿಸಿಕೊಳ್ಳಿ, ಆದರೆ ಒಂದು ಕಾಸೂ ಮುಟ್ಟಬೇಡಿ.

ಆ ಷರತ್ತನ್ನು ಕಾಯಲು ಪೊಲೀಸರು ಬೇಕಾಗಲಿಲ್ಲ, ಅದೇ ನನಗೆ ಇಷ್ಟವಾದದ್ದು. ಅಭಿಮಾನಿಗಳೇ ಕಾದರು. ಹೊಸಬನೊಬ್ಬನಿಗೆ ಟೇಪ್ ಬೇಕಾದರೆ ಖಾಲಿ ಕ್ಯಾಸೆಟ್ಟನ್ನೂ ವಾಪಸ್ ಕಳಿಸಲು ಅಂಚೆ ಖರ್ಚನ್ನೂ ಕಳಿಸುತ್ತಿದ್ದ. ಇದ್ದವನು ತುಂಬಿಸಿ ಕಳಿಸುತ್ತಿದ್ದ. ಟೇಪಿನ ಮೇಲೆ ತಾರೀಖು, ಊರು, ಹಾಡುಗಳ ಪಟ್ಟಿ, ಯಾವ ಮೈಕ್, ಎಷ್ಟನೇ ಕಾಪಿ, ಎಲ್ಲ ಬರೆದಿರುತ್ತಿದ್ದರು. ದುಡ್ಡಿಗೆ ಮಾರುವವನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಬ್ಯಾಂಡ್ ನಷ್ಟದಲ್ಲಿ ಮುಳುಗಲಿಲ್ಲ, ಬದಲಿಗೆ ಅಮೆರಿಕದ ದೊಡ್ಡ ದೊಡ್ಡ ಕ್ರೀಡಾಂಗಣ ತುಂಬಿಸಿತು. ಟೇಪ್ ಕೇಳಿದವನು ಒಂದು ದಿನ ಟಿಕೆಟ್ ತಗೊಂಡು ಬಂದೇ ಬರುತ್ತಿದ್ದ.

ಇನ್ನೂ ಮುಂದಕ್ಕೆ ಹೋದರೆ, ಬ್ಯಾಂಡಿನ ಸ್ವಂತ ಟೇಪ್‌ಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಡಿಕ್ ಲಾಟ್ವಾಲಾ ಅನ್ನುವವರಿಗೆ. ಅವರು ಮೊದಲು ಅಭಿಮಾನಿಯಾಗಿ ಟೇಪ್ ಸಂಗ್ರಹಿಸುತ್ತಿದ್ದವರು. 1993ರಿಂದ ಅವರು ಆರಿಸಿದ ಹಳೆಯ ಕಾರ್ಯಕ್ರಮಗಳು ಅವರದೇ ಹೆಸರಿನ ಸರಣಿಯಾಗಿ ಬಿಡುಗಡೆಯಾದವು. ಅಷ್ಟೆಲ್ಲ ಟೇಪ್ ಪುಕ್ಕಟೆ ಓಡಾಡುತ್ತಿದ್ದರೂ ಜನ ದುಡ್ಡು ಕೊಟ್ಟು ಕೊಂಡರು.

ಈ ಬ್ಯಾಂಡ್ ಬಗ್ಗೆ ಮಾತಾಡುವವರು ಇದನ್ನೆಲ್ಲ ಔದಾರ್ಯ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಸೌಂಡ್‌ನವನ ಕಷ್ಟಕ್ಕೆ ಹುಡುಕಿದ ದಾರಿ. ಜಾಗ ಕೊಟ್ಟರು, ಷರತ್ತು ಹೇಳಿದರು, ಅಷ್ಟೇ. ಔದಾರ್ಯ ಎಷ್ಟಿತ್ತು ಅನ್ನುವುದು 2005ರಲ್ಲಿ ಗೊತ್ತಾಯಿತು. ಇಂಟರ್ನೆಟ್ ಆರ್ಕೈವ್ ಅನ್ನುವ ಪುಕ್ಕಟೆ ಸಂಗ್ರಹದ ಜಾಲತಾಣದಲ್ಲಿ ಅವರ ಕಾರ್ಯಕ್ರಮಗಳು ಸಾವಿರಗಟ್ಟಲೆ ಇದ್ದವು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಆ ನವೆಂಬರ್‌ನಲ್ಲಿ ಬ್ಯಾಂಡಿನ ಕಡೆಯವರು ಇದ್ದಕ್ಕಿದ್ದ ಹಾಗೆ ಎಲ್ಲವನ್ನೂ ನಿಲ್ಲಿಸಲು ಹೇಳಿದರು. ಅಭಿಮಾನಿಗಳು ರೊಚ್ಚಿಗೆದ್ದರು. ಬ್ಯಾಂಡಿನೊಳಗೇ ಎರಡು ಮಾತು ಬಂತು. ಕೊನೆಗೆ ಕೆಲವೇ ದಿನಗಳಲ್ಲಿ ಒಂದು ರಾಜಿ: ಪ್ರೇಕ್ಷಕರು ಮೈಕ್ ಇಟ್ಟು ಮಾಡಿದ್ದನ್ನು ಇಳಿಸಿಕೊಳ್ಳಬಹುದು, ಮಿಕ್ಸರ್‌ನಿಂದ ನೇರ ತೆಗೆದದ್ದನ್ನು ಅಲ್ಲೇ ಕೇಳಬಹುದು, ಇಳಿಸಿಕೊಳ್ಳುವ ಹಾಗಿಲ್ಲ. ನನ್ನ ಪ್ರಕಾರ ಗೆರೆ ಸರಿಯಾದ ಜಾಗದಲ್ಲೇ ಬಿತ್ತು. ಪ್ರೇಕ್ಷಕ ತನ್ನ ಕಿವಿಗೆ ಬಿದ್ದದ್ದನ್ನು ಹಿಡಿದಿಟ್ಟರೆ ಅದು ಬೇರೆ. ಬ್ಯಾಂಡಿನ ತಂತಿಯಿಂದ ತೆಗೆದದ್ದು ಬೇರೆ.

ಹುಡುಗರಲ್ಲಿ ಒಬ್ಬ ಇಷ್ಟು ಹೊತ್ತಿಗೆ ಗೂಗಲ್ ಮಾಡಿ ಉಲ್ಟಾ ಉದಾಹರಣೆ ಹುಡುಕಿಟ್ಟಿದ್ದ. ಒಳ್ಳೆಯದೇ ಆಯಿತು. ಬೇಡ ಅನ್ನುವವರ ಪಟ್ಟಿಯೂ ಚಿಕ್ಕದಲ್ಲ.

ಇಂಗ್ಲೆಂಡಿನ ಲೆಡ್ ಜೆಪ್ಲಿನ್ ಬ್ಯಾಂಡಿನ ಮ್ಯಾನೇಜರ್ ಪೀಟರ್ ಗ್ರಾಂಟ್ ಭಾರಿ ಆಳು. ಕದ್ದು ರೆಕಾರ್ಡ್ ಮಾಡುವವರು ಕಂಡರೆ ಯಂತ್ರವನ್ನೇ ಪುಡಿ ಮಾಡುತ್ತಿದ್ದ. 1971ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹೀಗೇ ಒಂದು ಯಂತ್ರ ಒಡೆದು ಹಾಕಿದ. ಆಮೇಲೆ ನೋಡಿದರೆ ಅದು ಸದ್ದು ಎಷ್ಟಿದೆ ಅಂತ ಅಳೆಯಲು ಬಂದಿದ್ದ ಸರ್ಕಾರಿ ಜನರ ಉಪಕರಣ! ಇಷ್ಟೆಲ್ಲ ಮಾಡಿಯೂ ಕದ್ದು ಮಾಡಿದ ರೆಕಾರ್ಡುಗಳು ಜಾಸ್ತಿ ಓಡಾಡಿದ ಬ್ಯಾಂಡುಗಳಲ್ಲಿ ಜೆಪ್ಲಿನ್ ಒಂದು.

ಈಗಿನ ದಾರಿ ಹೆಚ್ಚು ನಯ. ಯಾಂಡರ್ ಅಂತ ಒಂದು ಕಂಪನಿ 2014ರಲ್ಲಿ ಶುರುವಾಯಿತು. ಬಾಗಿಲಲ್ಲಿ ನಿಮ್ಮ ಫೋನನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ ಬೀಗ ಜಡಿದು ನಿಮ್ಮ ಕೈಗೇ ಕೊಡುತ್ತಾರೆ. ಹೊರಗೆ ಬಂದು ಆಯಸ್ಕಾಂತದ ಬಿಲ್ಲೆಗೆ ತಾಗಿಸಿದರೆ ತೆರೆಯುತ್ತದೆ. ಗಾಯಕರಾದ ಜ್ಯಾಕ್ ವೈಟ್, ಬಾಬ್ ಡಿಲನ್ ಇದನ್ನು ಬಳಸಿದ್ದಾರೆ. ನಮ್ಮಲ್ಲಿ ಇದು ನಡೆಯುವ ಮಾತಲ್ಲ. ಜೋರು ಮಳೆ, ಕೊನೆ ಬಸ್ಸು ಹೋಗಿಯಾಗಿದೆ, ಜೀಪಿನವನಿಗೆ ಫೋನ್ ಮಾಡಬೇಕು, ಮನೆಯಿಂದ ಅಮ್ಮ ಕರೆಂಟ್ ಇಲ್ಲ ಅಂತ ಮಾಡುತ್ತಿರುತ್ತಾರೆ. ಕೊಡಗಿನಲ್ಲಿ ರಾತ್ರಿ ಹೊತ್ತು ಫೋನಿಗೆ ಬೀಗ ಹಾಕಿದರೆ ಬ್ಯಾಂಡಿನವರನ್ನೇ ಬೀಗ ಹಾಕಿ ಕೂರಿಸುತ್ತಾರೆ.

ಬೇಡ ಅಂದವರಲ್ಲಿ ನನಗೆ ಹಿಡಿಸಿದ್ದು ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್. ಅದರ ಮುಖ್ಯಸ್ಥ ರಾಬರ್ಟ್ ಫ್ರಿಪ್ ಅವರಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ನುಡಿಸುವವರು, ಕೇಳುವವರು ಇಬ್ಬರೂ ಸೇರಿದರೆ ಮಾತ್ರ ಸಂಗೀತ ಹುಟ್ಟುತ್ತದೆ, ಮಧ್ಯೆ ಕ್ಯಾಮೆರಾ ಬಂದರೆ ಕೇಳುವವನು ಅಲ್ಲಿ ಇರುವುದೇ ಇಲ್ಲ ಅನ್ನುವ ಧಾಟಿಯ ಯೋಚನೆ ಅವರದ್ದು. 2014ರಲ್ಲಿ ಬ್ಯಾಂಡ್ ಮತ್ತೆ ಶುರುವಾದಾಗ ಅವರೊಂದು ಉಪಾಯ ಮಾಡಿದರು. ಕಾರ್ಯಕ್ರಮದ ಉದ್ದಕ್ಕೂ ಫೋಟೋ ಬೇಡ. ಆದರೆ ಕೊನೆಯಲ್ಲಿ ಬೇಸ್ ನುಡಿಸುವ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ಪ್ರೇಕ್ಷಕರ ಫೋಟೋ ತೆಗೆಯುತ್ತಿದ್ದರು. ಅವರು ಎತ್ತಿದ ತಕ್ಷಣ ಪ್ರೇಕ್ಷಕರೂ ಎತ್ತಬಹುದಿತ್ತು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕ್ಲಿಕ್ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು.

ಮಾಡಿಕೊಳ್ಳಿ ಅಂದ ಗ್ರೇಟ್‌ಫುಲ್ ಡೆಡ್‌ಗೂ ಬೇಡ ಅಂದ ಕಿಂಗ್ ಕ್ರಿಮ್ಸನ್‌ಗೂ ಒಂದು ವಿಷಯದಲ್ಲಿ ಸಾಮ್ಯ ಇದೆ. ಇಬ್ಬರೂ ಮೊದಲೇ, ಸ್ಪಷ್ಟವಾಗಿ ಹೇಳಿದರು. ಯಾವಾಗ, ಎಲ್ಲಿ, ಯಾತಕ್ಕೆ. ಜನ ಕೇಳಿದರು. ಜಗಳ ಆಗುವುದು ಏನೂ ಹೇಳದೆ, ಹಾಡಿನ ಮಧ್ಯೆ ನಿಲ್ಲಿಸಿ "ಏಯ್ ಫೋನ್ ಇಳಿಸು" ಅಂದಾಗ.

ನಮ್ಮ ಜನ ಫೋನ್ ಇಳಿಸುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೆರೆ ಕಟ್ಟುವ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ, ಕೆಲವು ಕಡೆ, ಕೆಲವು ದೇವಸ್ಥಾನಗಳಲ್ಲಿ ಫೋಟೋ ತೆಗೆಯಬಾರದು ಅಂತ ಹಿರಿಯರು ಹೇಳಿರುತ್ತಾರೆ. ರೀಲ್ಸ್ ಹುಚ್ಚಿನ ಹುಡುಗರೂ ಅಲ್ಲಿ ಫೋನನ್ನು ಜೇಬಿನಿಂದ ತೆಗೆಯುವುದಿಲ್ಲ. ಅದೇ ಹುಡುಗರು ವಿಜಯದಶಮಿ ರಾತ್ರಿ ಮಡಿಕೇರಿಯ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳು ಹೊರಡಿಸುವ ಪುರಾಣಕಥೆಯ ಮಂಟಪಗಳ, ಮುಂದೆ ಬೆಳಗಾಗುವವರೆಗೂ ಕೈ ಇಳಿಸುವುದಿಲ್ಲ. ಪೇಟೆ ಶ್ರೀರಾಮಮಂದಿರದ ಮಂಟಪ, ಕೋಟೆ ಗಣಪತಿ ಮಂಟಪ, ಕರವಲೆ ಭಗವತಿ ಮಂಟಪ, ಒಂದೊಂದರ ಮುಂದೆಯೂ ರಾಕ್ಷಸ ಸಾಯುವ ಹೊತ್ತಿಗೆ ಫೋನುಗಳ ಕಾಡು. ಅಲ್ಲಿ ಅದು ತಪ್ಪೂ ಅಲ್ಲ. ಎಲ್ಲರೂ ನೋಡಲಿ ಅಂತಲೇ ತಾನೇ ಅಷ್ಟು ದೊಡ್ಡ ಮೂರ್ತಿ, ಅಷ್ಟು ಹೊಗೆ, ಅಷ್ಟು ಬೆಳಕು? ಎಲ್ಲಿ ಏನು ಅನ್ನುವುದು ಜನಕ್ಕೆ ಗೊತ್ತಾಗುತ್ತದೆ. ಹೇಳಬೇಕು ಅಷ್ಟೇ.

ಫೋಟೋ ತೆಗೆದರೆ ನೆನಪು ಹಾಳಾಗುತ್ತದೆ ಅಂತ ಒಂದು ಮಾತು ಎಲ್ಲರ ಬಾಯಲ್ಲೂ ಇದೆ. ಇದರ ಹಿಂದೆ ಒಂದು ಅಧ್ಯಯನ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ್ದು. ಮ್ಯೂಸಿಯಂನಲ್ಲಿ ಸುತ್ತಿದ ವಿದ್ಯಾರ್ಥಿಗಳು ಫೋಟೋ ತೆಗೆದ ವಸ್ತುಗಳನ್ನು, ಸುಮ್ನೆ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದ ಉಳಿದರ್ಧ ಹೇಳುವವರು ಕಡಿಮೆ. ಒಂದು ವಸ್ತುವಿನ ಯಾವುದೋ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ತೆಗೆದವರ ನೆನಪು ಚೆನ್ನಾಗಿಯೇ ಇತ್ತು. ಕೈಗೆ ಕೆಲಸ ಕೊಟ್ಟು ಕಣ್ಣಿಗೆ ರಜೆ ಕೊಟ್ಟರೆ ಮರೆವು. ಕಣ್ಣೂ ಜೊತೆಗೆ ದುಡಿದರೆ ತೊಂದರೆ ಇಲ್ಲ. ಮಿಕ್ಸರ್ ಹಿಂದೆ ಕೋಲು ಹಿಡಿದು ನಿಂತವರು ಕೆಮ್ಮಿದರೆ ಟೇಪಿಗೆ ಬೀಳುತ್ತದೆ ಅಂತ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅವರಿಗಿಂತ ಗಮನವಿಟ್ಟು ಕೇಳಿದವರು ಆ ಮೈದಾನದಲ್ಲಿ ಯಾರಿದ್ದರು?

ಹುಡುಗರು ಕಾನೂನು ಏನು ಹೇಳುತ್ತದೆ ಅಂತಲೂ ಕೇಳಿದರು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಹಕ್ಕಿಗೆ ಬೇರೆ ಕಲಮುಗಳಿವೆ. ವೇದಿಕೆ ಮೇಲೆ ನುಡಿಸಿದ್ದನ್ನು ರೆಕಾರ್ಡ್ ಮಾಡುವ, ಸಾರ್ವಜನಿಕರಿಗೆ ತಲುಪಿಸುವ ಹಕ್ಕು ನುಡಿಸಿದವರದ್ದು. ಅದು 50 ವರ್ಷ ಇರುತ್ತದೆ. ಆದರೆ 39ನೇ ಕಲಮು ಒಂದು ಕಿಟಕಿ ತೆರೆದಿಟ್ಟಿದೆ. ರೆಕಾರ್ಡ್ ಮಾಡಿದವನು ತಾನೇ ಕೇಳಿಕೊಳ್ಳಲು ಮಾಡಿಕೊಂಡರೆ ಈ ಹಕ್ಕಿಗೆ ಭಂಗ ಬಂದ ಹಾಗಲ್ಲ. ಪಾಠಕ್ಕೆ, ಸಂಶೋಧನೆಗೆ ಮಾಡಿಕೊಂಡರೂ ಹಾಗೆಯೇ. ಮನೆಗೆ ಹೋಗಿ ಕೇಳಿದರೆ ಸರಿ, ಯೂಟ್ಯೂಬ್‌ಗೆ ಹಾಕಿದರೆ ಅದು ಬೇರೆ ಕಥೆ ಅಂತಾಯಿತು. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಇನ್ನೊಂದು ಲೆಕ್ಕ, ಅದನ್ನಿಲ್ಲಿ ಬಿಡಿ.

2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು. ನುಡಿಸಿದ್ದು ನಾನು ಅಂತ ಗುರುತಿಸಿ ಹೇಳಿಸಿಕೊಳ್ಳುವ ಹಕ್ಕು. ಇದಕ್ಕೆ ನೀವು ದೊಡ್ಡ ವಿದ್ವಾಂಸರೇ ಆಗಬೇಕಿಲ್ಲ. ಕಾಯ್ದೆ ಯಾರನ್ನು ಕಲಾವಿದ ಅನ್ನುತ್ತದೆ ಅಂತ ಓದಿದರೆ ಗಾಯಕ, ವಾದಕ, ನರ್ತಕ ಆದಮೇಲೆ ದೊಂಬರಾಟದವರು, ಜಾದೂಗಾರ, ಹಾವಾಡಿಗ, ಭಾಷಣ ಮಾಡುವವನು ಎಲ್ಲ ಇದ್ದಾರೆ. ಹಾವಾಡಿಗನನ್ನು ಮರೆಯದ ಕಾಯ್ದೆಗೆ ನನ್ನದೊಂದು ಸಲಾಂ.

ಇಲ್ಲಿಂದ ನನ್ನ ತಲೆ ಬೇರೆ ಕಡೆ ಓಡಿತು. ಈ ಲೇಖನ ಬರೆಯಲು ಕೂತದ್ದೂ ಅದಕ್ಕೇ.

ಕೊಡಗಿನಲ್ಲಿ ವರ್ಷಕ್ಕೆ ಅತಿ ಹೆಚ್ಚು ಕಾರ್ಯಕ್ರಮ ಕೊಡುವ ಬ್ಯಾಂಡ್ ಯಾವುದು? ಹುಡುಗರ ಬ್ಯಾಂಡ್ ಅಲ್ಲ, ಬೆಂಗಳೂರಿನಿಂದ ರೆಸಾರ್ಟಿಗೆ ಬಂದು ಹೋಗುವ ಬ್ಯಾಂಡೂ ಅಲ್ಲ. ವಾಲಗದವರು. ಮದುವೆ ಸೀಸನ್ ಬಂತೆಂದರೆ ವಿರಾಜಪೇಟೆ, ಪೊನ್ನಂಪೇಟೆ, ಮಡಿಕೇರಿಯ ಕೊಡವ ಸಮಾಜಗಳಲ್ಲಿ ಅವರಿಲ್ಲದ ದಿನ ಇಲ್ಲ. ನಮ್ಮದು ಸೋಮವಾರಪೇಟೆ ಕಡೆ, ಮನೆಮಾತು ಕನ್ನಡ. ಆದರೂ ವಾಲಗ ಕೇಳಿದರೆ ಕಾಲು ಸುಮ್ಮನಿರುವುದಿಲ್ಲ. ಮದುಮಗಳು ಬಾವಿಯಿಂದ ನೀರು ಹೊತ್ತು ಬರುವಾಗ ಗಂಡಿನ ಕಡೆಯವರು ಅಡ್ಡ ನಿಂತು ಕುಣಿಯುತ್ತಾರಲ್ಲ, ಆ ಹೊತ್ತು ನೋಡಬೇಕು. ಒಂದು ಹೆಜ್ಜೆ ಮುಂದೆ ಹೋಗಲು ಎಷ್ಟೋ ಹೊತ್ತು. ತಲೆ ಮೇಲೆ ನೀರು ಹೊತ್ತ ಹುಡುಗಿ ನಿಂತೇ ಇರುತ್ತಾಳೆ. ಗಂಟೆಗಟ್ಟಲೆ ಕುಣಿತ. ಅಷ್ಟು ಹೊತ್ತೂ ವಾಲಗ ನಿಲ್ಲುವಂತಿಲ್ಲ. ಕುಣಿಯುವವರು ಬದಲಾಗುತ್ತಾರೆ, ಊದುವವರು ಬದಲಾಗುವುದಿಲ್ಲ.

ಆ ಕುಣಿತವನ್ನು ಎಲ್ಲರೂ ವಿಡಿಯೋ ಮಾಡುತ್ತಾರೆ. ಮದುವೆಯ ಫೋಟೋಗ್ರಾಫರ್, ಅವನ ಡ್ರೋನು, ನೆಂಟರು, ಕೆಲಸಕ್ಕೆ ಬಂದವರು, ಎಲ್ಲರೂ. ಆ ವಾಲಗ ಆಮೇಲೆ ಎಲ್ಲೆಲ್ಲೋ ಹೋಗುತ್ತದೆ. ಹೋಂಸ್ಟೇ ಜಾಹೀರಾತಿನ ಹಿಂದೆ, ಕಾಫಿ ತೋಟದ ರೀಲ್ಸ್ ಹಿಂದೆ, ಅಬ್ಬಿ ಜಲಪಾತದ ಹಿಂದೆ. ಕೊಡಗು ಅಂದ ತಕ್ಷಣ ಆ ಸದ್ದು. ಕೆಳಗೆ ಡ್ರೋನ್ ಹಾರಿಸಿದವನ ಹೆಸರಿರುತ್ತದೆ, ಮೇಕಪ್ ಮಾಡಿದವರ ಹೆಸರಿರುತ್ತದೆ, ಸೀರೆ ಅಂಗಡಿಯ ಹೆಸರಿರುತ್ತದೆ. ಊದಿದವರ ಹೆಸರು ನಾನಂತೂ ಕಂಡಿಲ್ಲ.

ಆಕಾಶವಾಣಿ ಮಡಿಕೇರಿಯಲ್ಲಿ ಒಂದು ಹಾಡು ಬರಬೇಕಾದರೆ ಹಾಡಿದವರ ಹೆಸರು ಹೇಳದೆ ಹಾಕುವುದಿಲ್ಲ. ವಾದ್ಯದಲ್ಲಿ ಯಾರು ಅಂತಲೂ ಹೇಳುತ್ತಾರೆ. ರೇಡಿಯೋ ಕೇಳಿ ಬೆಳೆದ ನಮಗೆ ಅದು ಸಹಜ ಅನ್ನಿಸುತ್ತಿತ್ತು. ಈಗ ಅನ್ನಿಸುವುದು, ಅದೊಂದು ಶಿಸ್ತು, ಯಾರೋ ಕೂತು ರೂಢಿ ಮಾಡಿದ್ದು. ಕೈಗೆ ಫೋನ್ ಬಂದಾಗ ನಾವು ಮೊದಲು ಬಿಟ್ಟದ್ದು ಆ ಶಿಸ್ತನ್ನೇ.

ಹಾಗಂತ ಯಾರೂ ರೆಕಾರ್ಡ್ ಮಾಡಲೇಬಾರದು ಅಂತ ನಾನು ಹೇಳಲಾರೆ. ಕೊಡಗಿನವನಾಗಿ ಹೇಳಲು ಬಾಯೇ ಬರುವುದಿಲ್ಲ. 2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿ ಮನೆಗಳೇ ಹೋದವು. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು ಆಲ್ಬಂ ತರಲಿಲ್ಲ, ಕ್ಯಾಸೆಟ್ ತರಲಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹಿರಿಯರೊಬ್ಬರು ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಹಾಡಿದ ಹಾಡಿನ ಟೇಪ್ ಇತ್ತು. ಮಿಲಿಟರಿಯಲ್ಲಿದ್ದ ಮಗ ತಂದಿದ್ದ ಟೂ ಇನ್ ಒನ್‌ನಲ್ಲಿ ಹಿಡಿದದ್ದು. ಮನೆಯೂ ಹೋಯಿತು, ಟೇಪೂ ಹೋಯಿತು. ಆದರೆ ಹಾಡು ಹೋಗಲಿಲ್ಲ. ಮೈಸೂರಿನಲ್ಲಿದ್ದ ನೆಂಟರು ಯಾವಾಗಲೋ ಅದರ ಕಾಪಿ ಮಾಡಿಕೊಂಡಿದ್ದರು. ಹಿನ್ನೆಲೆಯಲ್ಲಿ ನಾಯಿ ಬೊಗಳುತ್ತದೆ, ಯಾರೋ "ಕಾಫಿ ಕೊಡಿ" ಅನ್ನುತ್ತಾರೆ. ಇರಲಿ. ಹಾಡು ಇದೆ.

ಗ್ರೇಟ್‌ಫುಲ್ ಡೆಡ್ ಕಥೆಯಲ್ಲೂ ಹೀಗೇ ಒಂದು ಇದೆ. ಬ್ಯಾಂಡಿಗೆ ಸೌಂಡ್ ಮಾಡುತ್ತಿದ್ದ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಎಪ್ಪತ್ತರ ದಶಕದಲ್ಲಿ ಮಿಕ್ಸರ್‌ನಿಂದ ತೆಗೆದ ಟೇಪ್‌ಗಳನ್ನು ಒಂದು ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದರು. ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವು ಹರಾಜಾದವು. ಕೊಂಡವರಲ್ಲಿ ಕೆಲವರು ಅಭಿಮಾನಿಗಳಿಗೆ ಕಾಪಿ ಮಾಡಲು ಕೊಟ್ಟರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮ ಹಾಗೆ ಊರೂರು ಸುತ್ತಿ ಹೆಸರಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಉಳಿಸಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಬ್ಯಾಂಡ್ ತಾನೇ ಅದನ್ನು ಅಧಿಕೃತವಾಗಿ ಹೊರತಂದದ್ದು 2017ರಲ್ಲಿ, 40 ವರ್ಷ ಕಳೆದ ಮೇಲೆ.

ನಮ್ಮಲ್ಲಿ ಟೇಪ್ ಬರುವುದಕ್ಕೆ ಬಹಳ ಮುಂಚೆಯೇ ಈ ಕೆಲಸ ಮಾಡಿದವರು ನಡಿಕೇರಿಯಂಡ ಚಿಣ್ಣಪ್ಪ. ದುಡಿ ಬಾರಿಸಿ ನಾಲ್ಕು ಜನ ಹಾಡುವ ಕೊಡವ ಹಾಡುಗಳನ್ನು, ಗಾದೆಗಳನ್ನು, ಪದ್ಧತಿಗಳನ್ನು ಹಾಡುವವರ ಬಾಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡರು. 1924ರಲ್ಲಿ ಅದು 'ಪಟ್ಟೋಲೆ ಪಳಮೆ'ಯಾಗಿ ಅಚ್ಚಾಯಿತು. ಈ ಹಾಡುಗಳೂ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ಹಾಡುವ ಮನೆಗೆ ತಕ್ಕಂತೆ, ಆ ಒಕ್ಕದ, ಅಂದರೆ ಮನೆತನದ, ಹೆಸರಿಗೆ ತಕ್ಕಂತೆ, ಎದುರು ಕೂತವರಿಗೆ ತಕ್ಕಂತೆ ಹಾಡು ಬೆಳೆಯುತ್ತದೆ. ಬೆರಳು ನೋಯುವಷ್ಟು ಬರೆಯಬೇಕಾದರೆ ಹಾಡುವವರು ಒಪ್ಪಿ ಎದುರು ಕೂತು, ನಿಧಾನಿಸಿ, ಇನ್ನೊಮ್ಮೆ ಹೇಳಬೇಕು. ಪೆನ್ಸಿಲ್ ಹಿಡಿದವನಿಗೆ ಕೇಳದೆ ಬರೆದುಕೊಳ್ಳುವ ದಾರಿಯೇ ಇರಲಿಲ್ಲ. ಫೋನಿಗೆ ಆ ದಾರಿ ಇದೆ. ವ್ಯತ್ಯಾಸ ಇರುವುದು ಅಲ್ಲೇ ಅನ್ನುವುದು ನನ್ನ ಅನುಮಾನ.

ದೊಡ್ಡ ಬ್ಯಾಂಡುಗಳಿಗೆ ಬೇಡ ಅನ್ನಲೂ ಬಾಯಿ ಇದೆ, ಮಾಡಿಕೊಳ್ಳಿ ಅನ್ನಲೂ ಬಾಯಿ ಇದೆ. ವಕೀಲರಿದ್ದಾರೆ, ಬಾಗಿಲಲ್ಲಿ ಆಳುಗಳಿದ್ದಾರೆ. ಪರ್ಲ್ ಜ್ಯಾಮ್ 2000ನೇ ಇಸವಿಯ ಪ್ರವಾಸದಲ್ಲಿ ಕದ್ದ ರೆಕಾರ್ಡುಗಳ ಕಾಟಕ್ಕೆ ತಾವೇ 72 ಕಾರ್ಯಕ್ರಮಗಳ ರೆಕಾರ್ಡ್ ಹೊರತಂದರು. ಅವರಿಗೆ ಅದು ಸಾಧ್ಯವಿತ್ತು. ವಾಲಗದವರು ಮದುವೆ ಮನೆಯಲ್ಲಿ "ಸ್ವಾಮಿ, ವಿಡಿಯೋ ಬೇಡ" ಅಂದರೆ ಮುಂದಿನ ವರ್ಷ ಆ ಮನೆಯವರು ಬೇರೆ ತಂಡ ಕರೆಸುತ್ತಾರೆ. ಬೇಡ ಅನ್ನಲಾಗದವನ ಮೌನವನ್ನು ಒಪ್ಪಿಗೆ ಅಂತ ಲೆಕ್ಕ ಹಾಕುವುದು ನಮಗೆಲ್ಲ ಅನುಕೂಲ, ಅದಕ್ಕೇ ಹಾಕುತ್ತೇವೆ.

ಹುಡುಗರಿಗೆ ಕೊನೆಗೆ ಹೇಳಿದ್ದು ಇಷ್ಟು. ಅನೌನ್ಸ್ ಮಾಡಿ, ಜಂಬ ಅಲ್ಲ. ಆದರೆ ಬೇಡ ಅಂತ ಬೇಡ. ಮೊದಲ ಮೂರು ಹಾಡಿಗೆ ಯಾರು ಬೇಕಾದರೂ ಫೋಟೋ, ವಿಡಿಯೋ ಮಾಡಿಕೊಳ್ಳಲಿ, ಫ್ಲ್ಯಾಶ್ ಬೇಡ. ಪತ್ರಿಕೆಯ ಫೋಟೋಗ್ರಾಫರ್‌ಗಳಿಗೆ ದೊಡ್ಡ ಬ್ಯಾಂಡುಗಳು ಹಾಕುವ ನಿಯಮ ಹೇಗೂ ಅದೇ. ಹೊಸ ಹಾಡು ನುಡಿಸುವ ಮುಂಚೆ, ಇದು ಇನ್ನೂ ಮುಗಿದಿಲ್ಲ, ಇದೊಂದನ್ನು ಹಾಕಬೇಡಿ ಅಂತ ಹೇಳಿ. ಪೂರ್ತಿ ರೆಕಾರ್ಡ್ ಮಾಡಬೇಕು ಅನ್ನುವವರಿಗೆ ಮಿಕ್ಸರ್ ಹಿಂದೆ ಜಾಗ ಬಿಡಿ. ಹಾಕುವುದಾದರೆ ಎಲ್ಲರ ಹೆಸರೂ ಹಾಕಲಿ, ದುಡಿ ಬಾರಿಸುವವನದ್ದೂ.

ಮಡಿಕೇರಿಯ ಒಂದು ಹಾಲ್‌ನಲ್ಲಿ ಹಾಗೇ ಮಾಡಿದರು. ನಾಲ್ಕನೇ ಹಾಡಿಗೆ ಫೋನುಗಳು ಪೂರ್ತಿ ಇಳಿದವು ಅಂದರೆ ಸುಳ್ಳಾಗುತ್ತದೆ. ಅರ್ಧಕ್ಕಿಂತ ಜಾಸ್ತಿ ಇಳಿದವು. ಮಿಕ್ಸರ್ ಹಿಂದಿನ ಜಾಗಕ್ಕೆ ಬಂದವನು ಒಬ್ಬನೇ ಒಬ್ಬ, ಕುಶಾಲನಗರದ ಕಾಲೇಜು ಹುಡುಗ. ಚಿಕ್ಕ ರೆಕಾರ್ಡರ್ ತಂದಿದ್ದ, ಗಾಳಿ ತಡೆಯಲು ಮೈಕಿಗೆ ಹಳೇ ಕಾಲುಚೀಲ ಸುತ್ತಿದ್ದ. ಎರಡು ಗಂಟೆ ಅಲ್ಲಾಡಲಿಲ್ಲ. ನಾನು ಪಕ್ಕದಲ್ಲಿ ಸೀನಿದ್ದಕ್ಕೆ ತಿರುಗಿ ನೋಡಿದ ನೋಟ ನೋಡಬೇಕಿತ್ತು. ಅವನು ಮಾಡಿದ ರೆಕಾರ್ಡಿಂಗನ್ನೇ ಈಗ ಬ್ಯಾಂಡಿನವರು ತಮ್ಮ ಅಭ್ಯಾಸಕ್ಕೆ ಕೇಳುತ್ತಿದ್ದಾರೆ.

ವಾಲಗದವರನ್ನೂ ಕೇಳಿಯೇಬಿಟ್ಟೆ. ವಿರಾಜಪೇಟೆಯಲ್ಲಿ ಗೆಳೆಯನ ಮದುವೆ. ಊಟದ ಹೊತ್ತಿಗೆ ತಂಡದ ಹಿರಿಯರು ಹಿಂದಿನ ಜಗಲಿಯಲ್ಲಿ ಕೂತಿದ್ದರು.

"ಅಣ್ಣಾ, ಎಲ್ಲರೂ ವಿಡಿಯೋ ಮಾಡಿ ಹಾಕ್ತಾರಲ್ಲ, ನಿಮಗೆ ಬೇಜಾರಿಲ್ವಾ?"

ಅವರು ವಾದ್ಯದ ಬಾಯಿ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನನ್ನು ಯಾವುದೋ ಚಾನೆಲ್‌ನವನು ಅಂದುಕೊಂಡರೋ ಏನೋ. ಅಲ್ಲ ಅಂತ ಹೇಳಿದ ಮೇಲೆ ನಕ್ಕರು.

"ಮಾಡಲಿ ಬಿಡಿ. ಮಾಡದಿದ್ದರೆ ನಮ್ಮನ್ನು ಕರೆಯೋರು ಯಾರು? ನಮ್ಮ ಹುಡುಗರೂ ಅದನ್ನೇ ನೋಡಿ ಕಲೀತಾರೆ."

"ಹೆಸರು ಹಾಕೋದಿಲ್ಲವಲ್ಲ?"

"ಹೆಸರು ಹಾಕಿ ಏನು ಮಾಡೋದು? ಫೋನ್ ನಂಬರ್ ಹಾಕಲಿ. ನವೆಂಬರ್ ಒಳಗೆ ಹಾಕಲಿ, ಬುಕಿಂಗ್ ಆಗೋದು ಅವಾಗಲೇ." ಆಮೇಲೆ ಏನೋ ನೆನಪಾದವರ ಹಾಗೆ ಸೇರಿಸಿದರು, "ಇನ್ನೊಂದು. ಮದುಮಗಳನ್ನು ತಡೆದು ಕುಣಿಯೋದನ್ನು ಪೂರ್ತಿ ಹಾಕೋಕೆ ಹೇಳಿ. ಬರೀ ಅರ್ಧ ನಿಮಿಷ ಹಾಕ್ತಾರೆ. ನಾವು ಎಷ್ಟು ಹೊತ್ತು ಊದಿದ್ದೀವಿ ಅಂತ ರೇಟ್ ಮಾತಾಡೋರಿಗೆ ಗೊತ್ತಾಗೋದೇ ಇಲ್ಲ."

ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಪಂದಿಕರಿ ಖಾಲಿಯಾಗುವ ಮುಂಚೆ ಬಂದು ಕೂರಿ ಅಂತ.